ಅತ್ತೆ ವೈರು

ನಮ್ಮನೆ ಮೆಟ್ಟಿಲಿಗೆ ಕಿಟಕಿ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಕಣ್ಣು ಮುಚ್ಚಿದ್ರೂ ಒಂದೇ, ತೆರೆದ್ರೂ ಒಂದೇ. ಹದಿನಾಲ್ಕು ಮೆಟ್ಟಿಲು, ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು, ನಡುವೆ ಒಂದೇ ಬಲ್ಬು. ಕೆಳಗೆ ಹಾಕಿ ಹತ್ತಬೇಕು, ಮೇಲೆ ಹೋಗಿ ಆರಿಸಬೇಕು. ಇಳಿಯೋವಾಗ ಉಲ್ಟಾ. ಇಷ್ಟೇ ಇಷ್ಟು ವಿಷಯಕ್ಕೆ ಮೂರು ವಾರ ನಮ್ಮನೇಲಿ ಯಾರೂ ನೆಮ್ಮದಿಯಾಗಿ ಒಂದು ತುತ್ತು ತಿನ್ನಲಿಲ್ಲ ಅಂದ್ರೆ ನೀವು ನಂಬಲ್ಲ.

ತಕರಾರು ಶುರುವಾಗಿದ್ದು ಕೆಳಗಿನ ಸ್ವಿಚ್ಚಿಂದ. ಒತ್ತಿದ್ರೆ ಒಳಗೆ ಚಿಟಚಿಟ ಅನ್ನೋದು, ಒಂದೊಂದ್ಸಲ ಸುಟ್ಟ ವಾಸನೆ. ಅಪ್ಪನಿಗೆ ಹೇಳಿದ್ರೆ ಭಾನುವಾರ ನೋಡೋಣ ಅಂದ್ರು. ಅಪ್ಪ ಸ್ಕೂಲ್ ವ್ಯಾನ್ ಓಡಿಸ್ತಾರೆ. ವಾರಕ್ಕೆ ಆರು ದಿನ ಮಕ್ಕಳ ಗಲಾಟೆ, ಏಳನೇ ದಿನ ಕುಂಭಕರ್ಣ. ಹಾಗೆ ಏಳು ಭಾನುವಾರ ಬಂದು ಹೋದ್ವು. ತಾತ ಅವರನ್ನ ಬೆನ್ನ ಹಿಂದೆ ಭಾನುವಾರಪ್ಪ ಅಂತಾನೇ ಕರೀತಾರೆ.

ತಾತ ಅಂದ್ರೆ ಅಪ್ಪನ ಅಪ್ಪ. ನಲವತ್ತು ವರ್ಷ ಮನೆಗಳಿಗೆ ವೈರಿಂಗ್ ಮಾಡಿದ ಕೈ. ಈ ಮನೆಗೂ ಅವರದೇ ವೈರಿಂಗು. ಈಗ ಮೇಲಿನ ಕೋಣೇಲಿ ಇರ್ತಾರೆ. ಅಲ್ಲೊಂದು ಉದ್ದನೆ ಮೇಜಿದೆ, ಅದರ ಮೇಲೆ ಬೀದಿಯವರ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಟೇಬಲ್ ಫ್ಯಾನು ಎಲ್ಲ ಹೊಟ್ಟೆ ಬಿಚ್ಕೊಂಡು ಮಲಗಿರ್ತವೆ. ಕೈ ಸ್ವಲ್ಪ ನಡುಗುತ್ತೆ, ಮಣಿಕಟ್ಟನ್ನ ಮೇಜಿನ ಅಂಚಿಗೆ ಒತ್ತಿ ಹಿಡ್ಕೊಂಡು ಕೆಲಸ ಮಾಡ್ತಾರೆ. ಹೋದ ವರ್ಷ ಹೋಲ್ಡರ್ ಬದಲಾಯಿಸೋಕೆ ಹೋಗಿ ಸ್ಟೂಲಿಂದ ಬಿದ್ರು. ಅವತ್ತು ಅಪ್ಪ ಅವರ ಜೇಬಿಂದ ಟೆಸ್ಟರ್ ಕಿತ್ಕೊಂಡು ವ್ಯಾನಿನ ಡಬ್ಬದಲ್ಲಿಟ್ಟು ಬೀಗ ಹಾಕಿದ್ರು. ಮೇಜಿನ ಮೇಲಿನ ಸಾಮಾನು ಏನಾದ್ರೂ ಮಾಡ್ಕೋ, ಮನೆ ಕರೆಂಟಿಗೆ ಮಾತ್ರ ಇನ್ಮೇಲೆ ಕೈ ಹಾಕ್ಬೇಡ ಅಂದ್ರು.

ತಾತ ಖಾಲಿ ಜೇಬು ಮುಟ್ಟಿ ನೋಡ್ಕೊಂಡು, "ಆಯ್ತು. ಕೈಯೂ ಹಾಕಲ್ಲ, ಬಾಯೂ ಹಾಕಲ್ಲ" ಅಂದ್ರು.

ಈ ಮಾತು ನೆನಪಿಟ್ಕೊಳ್ಳಿ.

ಎಂಟನೇ ಭಾನುವಾರವೂ ದಾಟಿದ ಮೇಲೆ, ಸೋಮವಾರ ಬೆಳಿಗ್ಗೆ ಅಮ್ಮ ಮೇನ್ ಆಫ್ ಮಾಡಿದ್ಲು. ಅಮ್ಮ ಟೈಲರ್. ಹಾಲಲ್ಲೇ ಮಿಷನ್ನು, ಕೊರಳಲ್ಲಿ ಅಳತೆ ಟೇಪು, ಸೊಂಟದಲ್ಲಿ ಪುಟ್ಟ ಕತ್ತರಿ. ಎಲ್ಲಾದ್ರೂ ದಾರ ನೇತಾಡೋದು ಕಂಡ್ರೆ ಅವಳ ಕೈ ತಡೆಯಲ್ಲ. ಒಂದ್ಸಲ ಬಸ್ಸಲ್ಲಿ ಮುಂದಿನ ಸೀಟಿನವರ ಕಾಲರಿನ ದಾರ ಕಚಕ್ ಅಂತ ಕತ್ತರಿಸಿ ಬೈಸ್ಕೊಂಡಿದ್ದಾಳೆ. ಒಂದು ಕೋಟು ಪೂರ್ತಿ ಬಿಚ್ಚಿ ಮತ್ತೆ ಹೊಲಿಯೋಳಿಗೆ ಮೂರು ವೈರು ಯಾವ ಲೆಕ್ಕ ಅಂದ್ಲು. ನನಗೂ ಹುರುಪು. ಕಾಲೇಜಿಗೆ ಚಕ್ಕರ್ ಹೊಡೆದು ಟಾರ್ಚ್ ಹಿಡಿದು ನಿಂತೆ. ಬಿಚ್ಚೋ ಮುಂಚೆ ಫೋಟೋ ತೆಗೀಬೇಕು ಅಂತ ಗೊತ್ತಿತ್ತು, ತೆಗೆದೆ. ಆಮೇಲೆ ನೋಡಿದ್ರೆ ಆ ಫೋಟೋ ತುಂಬಾ ಅಮ್ಮನ ಹೆಬ್ಬೆಟ್ಟೇ ಇತ್ತು.

ಒಳಗೆ ಮೂರು ವೈರು, ಮೂರೂ ಕಪ್ಪು. ಅಮ್ಮ ಧೂಳು ಒರೆಸಿದ್ಲು, ಜೇಡರ ಬಲೆ ತೆಗೆದ್ಲು, ಹಳೇ ಕೊಳೆ ಎಲ್ಲ ಕತ್ತರಿಸಿ ಚೊಕ್ಕ ಮಾಡಿದ್ಲು. ಹಳೇ ಸ್ವಿಚ್ಚು ತೋರಿಸಿ ಅಂಗಡಿಯಿಂದ ಅಂಥದ್ದೇ ಮೂರು ಸ್ಕ್ರೂ ಇರೋದನ್ನ ತಂದಿದ್ಲು. ಕೂರಿಸಿದ್ಲು, ಮೇನ್ ಹಾಕಿದ್ಲು, ಒತ್ತಿದ್ಲು. ಬಲ್ಬ್ ಹತ್ತಿತು. ಇಬ್ಬರೂ ಚಹಾ ಕುಡಿದು, ಇನ್ನು ಫ್ರಿಜ್ಜನ್ನೂ ನಾವೇ ಬಿಚ್ಚೋಣ ಅಂತ ಮಾತಾಡ್ಕೊಂಡ್ವಿ.

ಸಂಜೆ ಐದಕ್ಕೆ ಅಪ್ಪ ಬಂದು ಒತ್ತಿದ್ರು. ಹತ್ತಲಿಲ್ಲ.

ಮೇಲಿಂದ ತಾತ ಆರಿಸಿದ್ದಾರೆ ಅಷ್ಟೇ, ಇನ್ನೊಂದ್ಸಲ ಒತ್ತಿ ಅಂದ್ಲು ಅಮ್ಮ. ಒತ್ತಿದ್ರು, ಇಲ್ಲ. ನಾನು ಕತ್ತಲಲ್ಲಿ ಮೇಲೆ ಹೋಗಿ ಮೇಲಿನದನ್ನ ಒತ್ತಿದೆ, ಇಲ್ಲ. ಅಪ್ಪ ಕೆಳಗೆ ಮತ್ತೆ ಒತ್ತಿದ್ರು, ಹತ್ತಿತು. ನಾನು ಮೇಲೆ ಆರಿಸಿದೆ, ಆರಿತು. ಆಮೇಲೆ ಕೆಳಗಿಂದ ಎಷ್ಟು ಒತ್ತಿದ್ರೂ ಜಪ್ಪಯ್ಯ ಅನ್ನಲಿಲ್ಲ.

"ಸ್ವಿಚ್ಚು ಹಾಕಿದ್ಯೋ, ಮಾಟ ಮಾಡಿದ್ಯೋ?" ಅಂದ್ರು ಅಪ್ಪ.

"ನೀವು ಅದನ್ನೂ ಮಾಡಲಿಲ್ವಲ್ಲ" ಅಂದ್ಲು ಅಮ್ಮ.

ತಾತ ಮೆಟ್ಟಿಲ ತುದೀಲಿ ನಿಂತು ಎಲ್ಲ ನೋಡಿದ್ರು. ಬಾಯಿ ತೆರೆದ್ರು, ಅಪ್ಪನ ಮುಖ ನೋಡಿದ್ರು, ಮುಚ್ಕೊಂಡು ಒಳಗೆ ಹೋದ್ರು.

ಅವತ್ತಿಂದ ಮನೇಲಿ ಬರೀ ಕೂಗಾಟ. ಕೆಳಗಿಂದ ಯಾರಾದ್ರೂ ಆರಿಸಿದ್ರೆ ತಾತನಿಗೆ ಮೇಲಿಂದ ಹಾಕೋಕಾಗಲ್ಲ. ಮೇಲಿಂದ ತಾತ ಆರಿಸಿದ್ರೆ ನಮಗೆ ಕೆಳಗಿಂದ ಆಗಲ್ಲ. ಊಟಕ್ಕೆ ಕರೆಯೋದ್ರಲ್ಲೂ ಜಗಳ. ಸಾರು ಆರಿ ಹೋಗ್ತಿದೆ ಬನ್ನಿ ಮಾವ ಅಂತ ಅಮ್ಮ, ಲೈಟ್ ಹಾಕಮ್ಮ ಅಂತ ತಾತ, ಮೊದಲು ನೀನು ಒತ್ತು ಅಂತ ಅಪ್ಪ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಕೊನೆಗೆ ಮೇಲಿನದನ್ನ ಯಾರೂ ಮುಟ್ಟಬಾರದು ಅಂತ ಅಪ್ಪ ಅದಕ್ಕೆ ಟೇಪ್ ಅಂಟಿಸಿದ್ರು. ತಾತ ಮಾರನೇ ದಿನವೇ ಕಿತ್ತು ಹಾಕಿದ್ರು. ಟೇಪು ಹರಿದದ್ದು ಕರೆಂಟಿಗೆ ಕೈ ಹಾಕಿದ ಹಾಗಲ್ಲ ಅಂತ ಅವರ ವಾದ.

ಅಮ್ಮ ಬಿಡೋ ಜಾತಿಯಲ್ಲ. ಬಟ್ಟೆ ಕತ್ತರಿಸೋಕೆ ಮಾದರಿ ಬರೆಯೋ ಕಂದು ಕಾಗದ ಇದ್ಯಲ್ಲ, ಅದರ ಮೇಲೆ ನಾಲ್ಕು ಚೌಕ ಎಳೆದ್ಲು. ಕೆಳಗಿನ ಸ್ವಿಚ್ಚಿಗೆ ಎರಡು ನಿಲುವು, ಮೇಲಿನದಕ್ಕೆ ಎರಡು, ಒಟ್ಟು ನಾಲ್ಕು ಜೋಡಿ. ನನ್ನನ್ನ ಮೇಲೆ ಕಳಿಸಿ ಒಂದೊಂದೇ ಒತ್ತಿಸಿ ನೋಡಿದ್ಲು. ಹತ್ತಿದ್ದು ಒಂದೇ ಚೌಕದಲ್ಲಿ.

"ಎರಡರಲ್ಲಿ ಹತ್ತಬೇಕು ಕಣೇ. ಒಂದು ಚೌಕ ಸತ್ತಿದೆ" ಅಂದ್ಲು. ಸೀಮೆಸುಣ್ಣ ಕಚ್ಕೊಂಡು ಸ್ವಲ್ಪ ಹೊತ್ತು ನೋಡಿ, "ಕತ್ತಿನ ಜಾಗಕ್ಕೆ ತೋಳು ಹೊಲಿದಿದೀನಿ. ಮೂರು ವೈರಲ್ಲಿ ಯಾವುದೋ ಒಂದು ಬೇರೆ ಜಾತೀದು."

ಎರಡನೇ ಸೋಮವಾರ ಮತ್ತೆ ಮೇನ್ ಆಫ್ ಮಾಡಿ, ವೈರುಗಳ ಜಾಗ ಬದಲಾಯಿಸಿದ್ಲು. ಆಗಲೂ ಹತ್ತಿದ್ದು ಒಂದೇ ಚೌಕ, ಆದ್ರೆ ಬೇರೆ ಚೌಕ. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಬಿಚ್ಚೋವಾಗ ಎರಡು ವೈರಿನ ತುದಿ ಪಟಕ್ ಅಂತ ಮುರೀತು. ಹಳೇ ತಾಮ್ರ, ಬಗ್ಗಿಸಿದಷ್ಟೂ ಮುರಿಯುತ್ತೆ. ಸುಲಿದು ಹೇಗೋ ಸಿಕ್ಕಿಸಿದ್ಲು, ಗೋಡೆಯಿಂದ ಆಚೆ ಇನ್ನು ಒಂದು ಬೆರಳಿನಷ್ಟೂ ಉಳಿದಿರಲಿಲ್ಲ.

ಮಾರನೇ ದಿನ ಮಂಗಳವಾರ. ನಾನು ಕಾಲೇಜಿಂದ ಬಂದೆ, ಮೆಟ್ಟಿಲ ಬಲ್ಬ್ ಸುಮ್ನೆ ಉರೀತಿತ್ತು, ಕೆಳಗಿಂದ ಆರಿಸಿದೆ. ಅಭ್ಯಾಸ, ಅಷ್ಟೇ. ತಾತ ಮೇಲೆ ಎದುರುಮನೆ ಬೇಕರಿಯವಳ ಮಿಕ್ಸಿ ಸರಿ ಮಾಡಿ, ಗಾಜಿನ ಜಾರು ಎದೆಗೊತ್ಕೊಂಡು ಹೊರಟ್ರು. ಸ್ವಿಚ್ಚು ಒತ್ತಿದ್ರು, ಹತ್ತಲಿಲ್ಲ. ಕೂಗೋಕೆ ಬೇಜಾರು. ಕತ್ತಲಲ್ಲೇ ಎಣಿಸ್ಕೊಂಡು ಇಳಿದ್ರು. ಒಂಬತ್ತು, ಹತ್ತು ಆಗೋವಾಗ ಬೇಕರಿಯವಳು ಬಾಗಿಲಲ್ಲಿ ನಿಂತು ಆಯ್ತಾ ತಾತ ಅಂದ್ಲು. ಆಯ್ತಮ್ಮ ಅಂದ್ರು, ಲೆಕ್ಕ ತಪ್ಪಿತು. ಇನ್ನೊಂದು ಮೆಟ್ಟಿಲಿದೆ ಅನ್ನೋದು ಕಾಲಿಗೆ ಗೊತ್ತಾಗಲಿಲ್ಲ.

ಜಾರು ಪುಡಿಪುಡಿ. ತಾತನ ಪಾದದ ಗಂಟು ಬನ್ನಿನ ಹಾಗೆ ಊದಿತು.

ಚಿಕ್ಕಮ್ಮ ಅರ್ಧ ಗಂಟೇಲಿ ಬಂದ್ಲು. ಅಪ್ಪನ ತಮ್ಮನ ಹೆಂಡತಿ, ಆಸ್ಪತ್ರೇಲಿ ನರ್ಸು. ಯೂನಿಫಾರಂ ಕೂಡ ಬದಲಾಯಿಸಿರಲಿಲ್ಲ. ಕಾಲು ಒತ್ತಿ ನೋಡಿ, ಮೂಳೆಗೇನೂ ಆಗಿಲ್ಲ ಅಂತ ಪಟ್ಟಿ ಸುತ್ತಿದ್ಲು. ಸುತ್ತುತ್ತಲೇ ತೀರ್ಪು ಕೊಟ್ಲು. ಅವರ ಫ್ಲಾಟಿಗೆ ಲಿಫ್ಟ್ ಇದೆ, ಮೆಟ್ಟಿಲು ಹತ್ತೋ ಪ್ರಮೇಯವೇ ಇಲ್ಲ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಂದು ಮಾವನ್ನ ಕರ್ಕೊಂಡು ಹೋಗ್ತೀವಿ ಅಂದ್ಲು.

"ಅವರ ಮೇಜು ಎಲ್ಲಿಡ್ತೀಯ?" ಅಮ್ಮ ಕೇಳಿದ್ಲು.

"ಮೇಜು ಯಾಕಕ್ಕ? ಸಾಕು ದುಡಿದದ್ದು, ವಿಶ್ರಾಂತಿ ತಗೊಳ್ಳಲಿ."

"ಮಾವನಿಗೆ ವಿಶ್ರಾಂತಿ ಕೊಟ್ರೆ ತಿಂಗಳು ಬಾಳಲ್ಲ."

"ನಿಮ್ಮ ಮೆಟ್ಟಿಲು ಕೊಟ್ರೆ ವಾರ ಬಾಳಲ್ಲ."

ಅಪ್ಪ ಗಾಜು ಗುಡಿಸ್ತಾ, ಅವಳು ಹೇಳೋದು ಸರಿ ಅಂದ್ರು. ತಾತ ಎಲ್ಲರ ಮುಖ ನೋಡಿ, ನನಗೆ ಹೇಗಾದ್ರೂ ಸರಿ ಅಂದ್ರು. ಹಾಗಂದವರು ಮಾರನೇ ದಿನದಿಂದ ಹೊಸ ರಿಪೇರಿ ತಗೊಳ್ಳೋದು ನಿಲ್ಲಿಸಿದ್ರು. ಪಕ್ಕದ ಬೀದಿ ಹೋಟೆಲಿನವನು ಇಸ್ತ್ರಿ ಪೆಟ್ಟಿಗೆ ತಂದ್ರೆ, ಬೇರೆ ಕಡೆ ನೋಡಪ್ಪ ಅಂತ ಕಿಟಕಿಯಿಂದಲೇ ವಾಪಸ್ ಕಳಿಸಿದ್ರು. ಮೇಜಿನ ಮೇಲಿದ್ದದ್ದು ಒಂದೊಂದೇ ಖಾಲಿ ಆಗ್ತಾ ಬಂತು. ಊಟಕ್ಕೆ ಕೂತಾಗ ಆಲೂಗಡ್ಡೆ ಚೆನ್ನಾಗಿದೆ ಅಂತ ಹೇಳೋರು, ಅರ್ಧ ತಟ್ಟೇಲೇ ಬಿಡೋರು.

ಗುರುವಾರ ಅಪ್ಪ ಎಲೆಕ್ಟ್ರಿಷಿಯನ್ನನ್ನ ಕರೆಸಿದ್ರು. ಅವನು ಕೆಳಗಿನ ಸ್ವಿಚ್ಚಿನ ಡಬ್ಬ ಬಿಚ್ಚಿ ಇಣುಕಿ ನಕ್ಕ. ಎಲ್ಲ ಒಂದೇ ಬಣ್ಣ, ಯಾವ ಪುಣ್ಯಾತ್ಮ ಮಾಡಿದ ವೈರಿಂಗ್ ಇದು ಅಂತ ಕೇಳಿದ. ಪುಣ್ಯಾತ್ಮ ಹಿಂದೆ ಕುರ್ಚಿ ಮೇಲೆ ಕಾಲು ಚಾಚಿ ಕೂತಿದ್ರು. ಇನ್ನೊಂದ್ಸಲ ಬಿಚ್ಚಿ ಮುರಿದ್ರೆ ವೈರು ಗೋಡೆ ಒಳಗೆ ಹೋಗುತ್ತೆ, ಆಮೇಲೆ ಗೋಡೆ ಒಡೀಬೇಕಾಗುತ್ತೆ ಅಂದ ಅವನು. ಮೇಲಿನ ಸ್ವಿಚ್ಚು ತೆಗೆದು ಹಾಕ್ತೀನಿ, ಕೆಳಗಿಂದ ಮಾತ್ರ ಹಾಕಿ ಆರಿಸಿ, ತಲೆನೋವೇ ಇಲ್ಲ ಅಂದ. ಅಪ್ಪ ಹೂಂ ಅಂದ್ರು.

"ಬೇಡ. ಮೇಲಿಂದ ಹಾಕೋಕೆ ಆಗದಿದ್ರೆ ಆ ಮನುಷ್ಯ ಮೇಲಿರೋಕೆ ಆಗಲ್ಲ" ಅಂದ್ಲು ಅಮ್ಮ. "ನೀವು ಹೊರಡಿ ಅಣ್ಣ. ಚಹಾ ಕುಡಿದು ಹೊರಡಿ."

ಆ ರಾದ್ಧಾಂತದ ಮೇಲೆ ಅಪ್ಪ ಎರಡು ದಿನ ಅಮ್ಮನ ಜೊತೆ ಉಪ್ಪು ಕೊಡು ಅನ್ನೋ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅಮ್ಮ ಮಿಷನ್ ಪಕ್ಕ ನಾಲ್ಕು ಚೌಕದ ಕಾಗದ ನೇತು ಹಾಕಿ ಹೊಲೀತಾ ನೋಡೋಳು, ನೋಡ್ತಾ ಹೊಲಿಯೋಳು. ಒಂದು ಪ್ಯಾಂಟಿಗೆ ಎರಡು ಎಡಗಾಲು ಹೊಲಿದು ಬಿಚ್ಚಿದ್ಲು. ಇನ್ನು ಊಹೆ ಮಾಡಿ ಬಿಚ್ಚೋ ಹಾಗಿಲ್ಲ, ಗೊತ್ತಾಗಿಯೇ ಬಿಚ್ಚಬೇಕು, ಒಂದೇ ಸಲ ಉಳಿದಿರೋದು ಅಂತ ನನಗೆ ಹತ್ತು ಸಲ ಹೇಳಿದ್ಲು. ಎರಡು ಸಲ ತಾತನ ಹತ್ರಾನೇ ಹೋಗಿ ಕೇಳಿದ್ಲು, ಮಾವ ಯಾವುದು ಬೇರೆ ಜಾತೀದು ಅಂತ. ಕೈಯೂ ಇಲ್ಲ, ಬಾಯೂ ಇಲ್ಲ, ನಿನ್ನ ಗಂಡನ್ನ ಕೇಳು ಅಂತ ತಾತ ಗೋಡೆ ಕಡೆ ತಿರುಗಿದ್ರು. ಆ ಹಠ ಅಪ್ಪನಿಗೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯ್ತು.

ಚಿಕ್ಕಮ್ಮ ಹೇಳಿದ್ದ ಆ ಭಾನುವಾರ ಬಂದೇ ಬಂತು. ಹನ್ನೊಂದಕ್ಕೆ ಚಿಕ್ಕಪ್ಪ ಚಿಕ್ಕಮ್ಮ ಬರೋರಿದ್ರು. ತಾತನ ಬಟ್ಟೆ ಒಂದು ಚೀಲದಲ್ಲಿ ರೆಡಿ ಇತ್ತು, ಬರೀ ಬಟ್ಟೆ. ಒಂಬತ್ತಕ್ಕೆ ಅಮ್ಮ ಮೇನ್ ಆಫ್ ಮಾಡಿ, ಇಷ್ಟು ದಿನ ಮುಟ್ಟದೇ ಇದ್ದ ಮೇಲಿನ ಸ್ವಿಚ್ಚನ್ನ ಬಿಚ್ಚಿದ್ಲು. ಕೆಳಗಿನದು ಕೆಟ್ಟಿದ್ದು ನನ್ನಿಂದ, ಮೇಲಿನದು ಇನ್ನೂ ಅವರು ಮಾಡಿದ ಹಾಗೇ ಇದೆ, ಮಾದರಿ ಬಟ್ಟೆ ಅಲ್ಲೇ ಇದ್ಯಲ್ಲ ಅಂದ್ಲು. ನಾನು ಟಾರ್ಚ್ ಹಿಡಿದೆ.

ಅಲ್ಲೂ ಮೂರು ಕಪ್ಪು ವೈರು. ಅದರಲ್ಲಿ ಒಂದಕ್ಕೆ ಕೆಂಪು ದಾರ. ಮೂರು ಸುತ್ತು, ಒಂದು ಗಂಟು, ಬೆರಳುದ್ದ ಬಾಲ.

ಅಮ್ಮನ ಕೈ ಸೊಂಟದ ಕತ್ತರಿಗೆ ಹೋಯ್ತು. ಅಲ್ಲೇ ನಿಂತಿತು. ಅವಳು ಮೆಟ್ಟಿಲ ಮೇಲೆ ಕೂತು, "ಅಯ್ಯೋ ನನ್ನ ಕೈಯೇ" ಅಂದ್ಲು.

ನನಗೂ ನೆನಪಾಯ್ತು. ಮೊದಲ ದಿನ ಧೂಳು ಒರೆಸಿ ಕೊಳೆ ಕತ್ತರಿಸಿದಾಗ ಕಚಕ್ ಅಂದಿತ್ತು. ಕೊಳೆ ಅಲ್ಲ ಅದು. ಗುರುತು.

ತಾತ ಹಾಸಿಗೆ ಅಂಚಲ್ಲಿ ಚಪ್ಪಲಿ ಹಾಕ್ಕೊಂಡು ಕೂತಿದ್ರು, ಬಸ್ಸಿಗೆ ಕಾಯೋರ ಹಾಗೆ. ಅಮ್ಮ ಬಾಗಿಲಲ್ಲಿ ನಿಂತ್ಲು.

"ಮಾವ, ಕೆಳಗೂ ಕೆಂಪು ದಾರ ಇತ್ತಲ್ವಾ? ನಾನು ಕತ್ತರಿಸಿಬಿಟ್ಟೆ. ಕೊಳೆ ಅಂದ್ಕೊಂಡೆ."

ತಾತ ಅಮ್ಮನ ಸೊಂಟದ ಕತ್ತರಿ ಕಡೆ ನೋಡಿದ್ರು. ಆಮೇಲೆ ಅವರ ಹೊಟ್ಟೆ ಅಲ್ಲಾಡೋಕೆ ಶುರುವಾಯ್ತು. ನಗ್ತಿದ್ರು.

"ಅದು ನಿನ್ನ ಅತ್ತೆ ದಾರ ಕಣಮ್ಮ" ಅಂದ್ರು. "ಅವಳು ಇದ್ದಾಗ ನೀನು ಒಂದು ಎದುರು ಮಾತಾಡಲಿಲ್ಲ. ಈಗ ನೋಡು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

ನಕ್ಕ ಮೇಲೆ ಬಾಯಿಗೆ ಹಾಕಿದ ಬೀಗ ಎಲ್ಲಿ ನಿಲ್ಲುತ್ತೆ. ಎಲ್ಲ ಹೇಳಿದ್ರು. ಮನೆ ಕಟ್ಟೋವಾಗ ಅವರ ಹತ್ರ ಇದ್ದದ್ದು ಬೇರೆ ಕೆಲಸದಲ್ಲಿ ಮಿಕ್ಕ ಒಂದು ಸುರುಳಿ ಕಪ್ಪು ವೈರು ಮಾತ್ರ. ಅಜ್ಜಿ ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹೊಲೀತಿದ್ರಂತೆ. ಮೂರರಲ್ಲಿ ಯಾವುದು ಯಾವುದು ಅಂತ ನೀವು ನಾಳೆ ಮರೀತೀರ ಅಂತ ತಾವೇ ದಾರ ಸುತ್ತಿ ಗಂಟು ಹಾಕಿದ್ರಂತೆ. ಇದು ಅತ್ತೆ, ಉಳಿದವರಿಬ್ಬರು ಓರಗಿತ್ತಿಯರು, ಅಂತ ಹೆಸರೂ ಅಜ್ಜಿಯದೇ. ಓರಗಿತ್ತಿಯರು ಒಬ್ಬಳ ಜಾಗದಲ್ಲಿ ಇನ್ನೊಬ್ಬಳು ನಿಂತ್ರೂ ಮನೆ ನಡೆಯುತ್ತೆ, ಅತ್ತೆ ಜಾಗದಲ್ಲಿ ಮಾತ್ರ ನಿಲ್ಲೋ ಹಾಗಿಲ್ಲ. ನೀನು ಸೊಸೇನ ಅತ್ತೆ ಪೀಠದಲ್ಲಿ ಕೂರಿಸಿದೀಯ, ಅದಕ್ಕೇ ಮನೆ ಕತ್ತಲು ಅಂದ್ರು.

"ಕೆಳಗೆ ಗುರುತು ಹೋಯ್ತಲ್ಲ ಮಾವ, ಈಗ ಅತ್ತೇನ ಹುಡುಕೋದು ಹೇಗೆ?"

"ಅತ್ತೇನ ಹುಡುಕಬೇಡ. ಓರಗಿತ್ತಿಯರನ್ನ ಹುಡುಕು. ಇಬ್ಬರೂ ಕೆಳಗಿಂದ ಮೇಲಕ್ಕೆ ಜೊತೇಲೇ ಬರ್ತಾರೆ." ತಾತ ಎದ್ದು ನಿಂತ್ರು. "ಮೊದಲು ಭಾನುವಾರಪ್ಪನ್ನ ಕರಿ. ನನ್ನ ಟೆಸ್ಟರ್ ತರಲಿ."

ಅಪ್ಪ ಬಾಗಿಲ ಹಿಂದೇನೇ ಇದ್ರು. ಭಾನುವಾರಪ್ಪ ಅನ್ನೋದನ್ನ ಮೊದಲ ಸಲ ಕಿವಿಯಾರೆ ಕೇಳಿದ್ರು. ನೇರ ವ್ಯಾನಿಗೆ ಹೋಗಿ, ಟೆಸ್ಟರ್ ತಂದು ತಾತನ ಜೇಬಿಗೇ ಸಿಕ್ಕಿಸಿದ್ರು. ತಾತ ಅದನ್ನ ಅಮ್ಮನ ಕೈಗೆ ಕೊಟ್ರು. ಕೈ ಹಾಕಲ್ಲ ಅಂದಿದ್ದೀನಲ್ಲ, ನೀನೇ ಮಾಡು ಅಂತ ಕೈ ಎರಡೂ ಬೆನ್ನ ಹಿಂದೆ ಕಟ್ಕೊಂಡ್ರು.

ಅಷ್ಟು ಹೊತ್ತಿಗೆ ಚಿಕ್ಕಪ್ಪ ಚಿಕ್ಕಮ್ಮ ಬಂದ್ರು. ಮಾವನ ಚೀಲ ಎಲ್ಲಿ ಅಂತ ಚಿಕ್ಕಮ್ಮ ಕೇಳೋದ್ರೊಳಗೆ ತಾತ ಅವಳನ್ನ ಮೇಲೆ ಕರೆದ್ರು. ಕೈ ನಡುಗದವರು ಬೇಕು ಅಂದ್ರು. ಅವಳು ಅಮ್ಮನ ಕಡೆ ನೋಡಿದ್ಲು.

"ಇದು ಆಗಲಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ ಅಕ್ಕ."

"ಆಗಲಿಲ್ಲ ಅಂದ್ರೆ ಚೀಲ ನಾನೇ ಹೊತ್ತು ತರ್ತೀನಿ. ಈಗ ಬಳೆ ತೆಗೆದಿಡು."

ಅಪ್ಪ ಮೇನ್ ಹತ್ರ ಕಾವಲು ನಿಂತ್ರು. ಅಮ್ಮ ಟೆಸ್ಟರ್ ಇಟ್ಟು ಮೇಲೆ ಕೆಳಗೆ ಎಲ್ಲೂ ಕರೆಂಟ್ ಇಲ್ಲ ಅಂತ ನೋಡ್ಕೊಂಡ್ಲು. ಮೇಲೆ ದಾರ ಇದ್ದದ್ದನ್ನ ಹಾಗೇ ಬಿಟ್ಟು, ಉಳಿದ ಎರಡನ್ನ ಸ್ವಿಚ್ಚಿಂದ ಬಿಚ್ಚಿ, ಚಿಕ್ಕಮ್ಮ ಎರಡರ ತುದಿ ಒಟ್ಟಿಗೆ ಹೊಸೆದ್ಲು. ಕೆಳಗೆ ಅಮ್ಮ ಒಂದೊಂದೇ ಸ್ಕ್ರೂ ಸಡಿಲಿಸಿದ್ಲು. ಮೂರು ವೈರೂ ಮುರೀದೆ ಆಚೆ ಬಂದ್ವು, ಉಗುರುದ್ದ ತುದಿ. ನನ್ನ ಕೈಲಿ ಟಾರ್ಚಿಂದ ತೆಗೆದ ಎರಡು ಸೆಲ್ಲು, ಒಂದು ಪುಟ್ಟ ಬಲ್ಬು, ಎರಡು ದಾರದಂಥ ತಂತಿ, ತಾತ ಹೇಳಿದ ಹಾಗೆ ಕಟ್ಟಿದ್ದೆ. ಮೂರರಲ್ಲಿ ಎರಡೆರಡು ಜೋಡಿ ಮಾಡಿ ಮುಟ್ಟಿಸು, ಬಲ್ಬ್ ಹತ್ತಿದ ಜೋಡಿ ಓರಗಿತ್ತಿಯರು, ಮೇಲೆ ಕೈ ಕೈ ಹಿಡ್ಕೊಂಡಿದ್ದಾರಲ್ಲ, ಉಳಿದವಳು ಅತ್ತೆ. ಅಷ್ಟೇ ಪಾಠ.

ಒಂದನೇ ಜೋಡಿ ಮುಟ್ಟಿಸಿದೆ. ಇಲ್ಲ.

ಎರಡನೇ ಜೋಡಿ. ಇಲ್ಲ.

ಚಿಕ್ಕಪ್ಪ ಚೀಲದ ಹಿಡಿ ಹಿಡಿದು ನಿಂತಿದ್ರು. ಮೂರನೇ ಜೋಡಿ ಮುಟ್ಟಿಸಿದೆ. ಸಾಸಿವೆಯಷ್ಟು ಬೆಳಕು, ಆದ್ರೂ ಬೆಳಕೇ.

"ಸಿಕ್ಕಿದ್ರು ಮಾವ" ಅಂದ್ಲು ಅಮ್ಮ.

"ಉಳಿದದ್ದಕ್ಕೆ ಮೊದಲು ದಾರ ಕಟ್ಟು" ಮೇಲಿಂದ ತಾತನ ದನಿ. "ಆಮೇಲೆ ನಡುವಿನ ಸ್ಕ್ರೂಗೆ. ಓರಗಿತ್ತಿಯರು ಯಾವ ಪಕ್ಕ ಕೂತ್ರೂ ಜಗಳ ಇಲ್ಲ."

ಅಮ್ಮ ಮಿಷನ್ನಿಂದ ಕೆಂಪು ದಾರ ತಂದು ಮೂರು ಸುತ್ತು ಸುತ್ತಿ ಗಂಟು ಹಾಕಿದ್ಲು. ಬಾಲ ಉದ್ದ ನೇತಾಡ್ತಿತ್ತು. ಬಲಗೈ ತಾನಾಗೇ ಸೊಂಟಕ್ಕೆ ಹೋಯ್ತು. ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟು, "ಇದನ್ನ ಅಡುಗೆಮನೇಲಿಟ್ಟು ಬಾ" ಅಂದ್ಲು.

ಚಿಕ್ಕಮ್ಮ ಮೇಲೆ ಹೊಸೆದದ್ದು ಬಿಚ್ಚಿದ್ಲು, ಅಮ್ಮ ಹೋಗಿ ಅವನ್ನ ಸ್ಕ್ರೂಗೆ ಕೂರಿಸಿ ಮುಚ್ಚಿದ್ಲು. ಅಪ್ಪ ಮೇನ್ ಹಾಕಿದ್ರು. ಅಮ್ಮ ಕೆಳಗೆ ಒತ್ತಿದ್ಲು, ಹತ್ತಿತು. ಚಿಕ್ಕಮ್ಮ ಮೇಲೆ ಒತ್ತಿದ್ಲು, ಆರಿತು. ಅಮ್ಮ ಕೆಳಗೆ ಒತ್ತಿದ್ಲು, ಹತ್ತಿತು. ಹೀಗೆ ಓರಗಿತ್ತಿಯರಿಬ್ಬರೂ ಸ್ಪರ್ಧೆಗೆ ಬಿದ್ದ ಹಾಗೆ ಒತ್ತಿದ್ದೇ ಒತ್ತಿದ್ದು, ಹೊಸದು ಕೂಡ ಸುಟ್ಟು ಹೋಗುತ್ತೆ ಅಂತ ಅಪ್ಪ ಬೈಯೋ ತನಕ. ನಾನು ಕಾಗದದಲ್ಲಿ ಎರಡನೇ ಚೌಕಕ್ಕೂ ಗುರುತು ಹಾಕಿದೆ.

ಊಟಕ್ಕೆ ಆರು ಜನ ಕೂತ್ವಿ, ಅನ್ನ ಸಾಲದೆ ಬ್ರೆಡ್ ತರಿಸಬೇಕಾಯ್ತು. ಚಿಕ್ಕಮ್ಮ ಸೋತಳು ಅಂದ್ಕೊಬೇಡಿ. ಮೆಟ್ಟಿಲಿಗೆ ಹಿಡಿಯೋ ಕಂಬಿ ಹಾಕಿಸದಿದ್ರೆ ಮುಂದಿನ ತಿಂಗಳು ಮತ್ತೆ ಬರ್ತೀನಿ ಅಂದ್ಲು. ಅಪ್ಪ ಭಾನುವಾರ ಅಂತ ಬಾಯಿ ತೆರೆದ್ರು, ಎಲ್ಲರೂ ನೋಡಿದ್ರು, ನಾಳೆ ಅಂದ್ರು. ತಾತ ತಟ್ಟೆ ಖಾಲಿ ಮಾಡಿ ಇನ್ನೊಂದು ಆಲೂಗಡ್ಡೆ ಹಾಕಿಸ್ಕೊಂಡ್ರು, ಕಾಲೆಳೀತಾ ಮೇಲೆ ಹೋದ್ರು.

ನಾಲ್ಕು ಗಂಟೆಗೆ ಹೋಟೆಲಿನವನು ಅದೇ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಬಂದ. ಬೇರೆ ಕಡೆ ಯಾರೂ ತಗೊಳ್ಳಲಿಲ್ಲ, ತಾತ ಊರಿಗೆ ಹೋದ್ರಾ ಅಂತ ಬಾಗಿಲಲ್ಲಿ ಕೇಳಿದ. ಅಮ್ಮ ಮಿಷನ್ ನಿಲ್ಲಿಸಿದ್ಲು. ಅವಳು ಎದ್ದು ಸ್ವಿಚ್ಚಿನ ಹತ್ರ ಹೋಗೋ ಮುಂಚೇನೇ ಮೆಟ್ಟಿಲ ಬಲ್ಬು ಹತ್ತಿತು, ಮೇಲಿಂದ.

"ಮೇಲೆ ತಗೊಂಡು ಬಾರಪ್ಪ" ಅಂದ್ರು ತಾತ. "ಹದಿನಾಲ್ಕು ಮೆಟ್ಟಿಲಿದೆ, ನೋಡ್ಕೊಂಡು."